ಗುಂಡಿಗೆ ತೆಗೆದ ಅಳತೆ

ನಮ್ಮ ಬೀದಿಯ ದರ್ಜಿ ನನ್ನ ಬಟ್ಟೆಗಳನ್ನು ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದಾರೆ. ಹೇಳಿದ ದಿನಕ್ಕೆ ಎಂದೂ ಕೊಟ್ಟವರಲ್ಲ. ಕೊಟ್ಟದ್ದನ್ನು ಬಿಚ್ಚಿಸಿ ಹೊಲಿಸುವ ಪ್ರಸಂಗವೂ ಬಂದಿಲ್ಲ. ಯಾರ ಅಳತೆ ತೆಗೆದರೂ ಚೀಟಿಯಲ್ಲಿ ಒಂದೂವರೆ ಇಂಚು ಸೇರಿಸಿಯೇ ಬರೆಯುತ್ತಾರೆ. ಕೇಳಿದರೆ, “ಉಸಿರಾಡೋಕೆ ಜಾಗ ಬೇಡ್ವಾ?” ಎನ್ನುತ್ತಾರೆ.

ಅವರ ನಾಯಿಯ ಹೆಸರು ಗುಂಡಿ. ಮರಿಯಾಗಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿ, ಗಂಡಹೆಂಡತಿ ಇಬ್ಬರನ್ನೂ ಎರಡು ದಿನ ತನ್ನ ಬಾಲದ ಹಿಂದೆ ಅಲೆಸಿತ್ತು.

ಅಂಗಳದ ಮರದ ಬೇಲಿ ಗೆದ್ದಲು ಹಿಡಿದು ಬಿದ್ದ ಮೇಲೆ ಗುಂಡಿ ಎರಡು ಸಲ ರಸ್ತೆಗೆ ಓಡಿತು. ಎರಡನೆಯ ಸಲ ಬೈಕು ತಗಲಿ ಹಿಂಗಾಲು ಮುರಿಯಿತು. ಕಾಲೇನೋ ಕೂಡಿತು, ದರ್ಜಿಯ ಹೆಂಡತಿಯ ಎದೆ ಮಾತ್ರ ನೆಲೆಗೆ ಬರಲಿಲ್ಲ.

“ರೀ, ಇನ್ನೊಂದ್ಸಲ ಇದು ರಸ್ತೆಗೆ ಹೋದ್ರೆ ತಂಗಿ ಮನೆಗೆ ಕಳಿಸಿಬಿಡ್ತೀನಿ. ಅಲ್ಲಿ ಆಳೆತ್ತರದ ಗೋಡೆ ಇದೆ. ಎಲ್ಲಾದ್ರೂ ಬದುಕಿರ್ಲಿ.”

ದರ್ಜಿ ಬೇಲಿಯ ಯೋಚನೆಗೆ ಬಿದ್ದರು. ಗೋಡೆ ಕಟ್ಟಿಸಿದರೆ ನಾಯಿಗೆ ರಸ್ತೆ ಕಾಣುವುದಿಲ್ಲ, ಕಾಣದ್ದಕ್ಕೆಲ್ಲ ಬೊಗಳುತ್ತದೆ. ಮುಳ್ಳುತಂತಿ ಎಂದಾಗ ಹೆಂಡತಿ, “ನೀವೇ ಮೊದ್ಲು ಹಾರಿ ತೋರಿಸಿ” ಎಂದರು. ಕೊನೆಗೆ ಕಬ್ಬಿಣದ ಸರಳು ಎಂದಾಯಿತು. ದರ್ಜಿ ಗುಂಡಿಯನ್ನು ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿ, ಟೇಪು ಹಿಡಿದು, ತಲೆಯ ಅಗಲ, ಎದೆಯ ಅಗಲ, ಎತ್ತರ ಎಲ್ಲವನ್ನೂ ತೆಗೆದು, ಸರಳುಗಳ ನಡುವಿನ ಅಂತರವನ್ನು ಬರೆದು ವೆಲ್ಡರನಿಗೆ ಕೊಟ್ಟರು.

ಬೇಲಿ ನಿಂತ ದಿನ ನಾನೂ ನೋಡಲು ಹೋಗಿದ್ದೆ. ಗುಂಡಿ ಮೂಸಿತು, ತಲೆ ತೂರಿಸಿತು, ಒಮ್ಮೆ ಮೈ ಕೊಡವಿ ಆಚೆ ನಿಂತು ನಮ್ಮನ್ನೇ ನೋಡಿತು. ದರ್ಜಿ ಓಡಿಹೋಗಿ ಎತ್ತಿಕೊಂಡರು.

“ನೀವು ಕೊಟ್ಟ ಅಳತೆನೇ ಮಾಸ್ಟ್ರೇ, ಒಂದು ನೂಲೂ ಆಚೀಚೆ ಇಲ್ಲ” ಎಂದು ವೆಲ್ಡರ್ ಚೀಟಿ ಚಾಚಿದ. ಮೂರೂವರೆ ಇಂಚು ಇರಬೇಕಾದಲ್ಲಿ ದರ್ಜಿಯ ದುಂಡಕ್ಷರದಲ್ಲಿ ಐದು ಎಂದಿತ್ತು. ಕೈ ತನ್ನ ಪಾಡಿಗೆ ತಾನು ಒಂದೂವರೆ ಸೇರಿಸಿತ್ತು.

“ಬೇಲಿಗೂ ಉಸಿರಾಡೋಕೆ ಜಾಗ ಬಿಟ್ರಾ?” ಎಂದ ಹೆಂಡತಿ ನಗಲಿಲ್ಲ. ಒಳಗೆ ಹೋಗಿ ಗುಂಡಿಯ ತಟ್ಟೆ, ಹಾಸಿಗೆಗಳನ್ನು ಚೀಲಕ್ಕೆ ತುಂಬಿದರು.

“ನಾಡಿದ್ದಿನವರೆಗೆ ತಡಿಯೇ” ಎಂದರು ದರ್ಜಿ. ಅಷ್ಟು ಮೆತ್ತಗಿನ ದನಿ ನಾನು ಅವರಿಂದ ಕೇಳಿರಲಿಲ್ಲ.

ಅಂಗಡಿಗೆ ಬೀಗ ಹಾಕಿ ತಂತಿ ಜಾಲರಿ ತಂದರು. ಬುಡದಲ್ಲಿ ಗೇಣುದ್ದ ಮಣ್ಣಿನೊಳಗೆ ಮಡಚಿ, ಮೇಲೆ ಸೊಂಟದೆತ್ತರದವರೆಗೆ, ಪ್ರತಿ ಸರಳಿಗೂ ಸಣ್ಣ ತಂತಿಯಿಂದ ಹೊಲಿಯುತ್ತ ಹೋದರು. ನೆಲದಲ್ಲಿ ಕೂತು ಎರಡು ಹಗಲು. ಗಂಟುಗಳೆಲ್ಲ ಆಚೆಗೆ, ನಾಯಿಯ ಮೂತಿಗೆ ಚುಚ್ಚಬಾರದಲ್ಲ. ನನ್ನ ಬಟ್ಟೆಗೂ ಅಷ್ಟು ಒತ್ತಾದ ಹೊಲಿಗೆ ಬಿದ್ದಿಲ್ಲ.

ಮುಗಿದ ಮೇಲೆ ಗುಂಡಿಯನ್ನು ಬಿಟ್ಟರು. ಅದು ಮೂಲೆಮೂಲೆಗೂ ಮೂತಿ ಒತ್ತಿತು, ಬುಡ ಕೆರೆಯಿತು, ಸೋತು ಜಾಲರಿಗೆ ಒರಗಿ ರಸ್ತೆ ನೋಡುತ್ತ ಕುಳಿತುಬಿಟ್ಟಿತು. ಹೆಂಡತಿ ಆ ತುದಿಯಿಂದ ಈ ತುದಿಯವರೆಗೆ ಜಾಲರಿಯನ್ನು ಎಳೆದು ನೋಡಿದರು.

“ಎಲ್ಲೂ ಸಡಿಲ ಬಿಟ್ಟಿಲ್ಲ ತಾನೆ?”

“ಇಲ್ಲ ಮಾರಾಯ್ತಿ. ಜೀವಮಾನದಲ್ಲಿ ಇದೊಂದೇ ಬಿಗಿ ಹೊಲಿದಿದ್ದು.”

ಹೆಂಡತಿ ಚೀಲದಿಂದ ತಟ್ಟೆ ತೆಗೆದು, ಸೆರಗಿನಲ್ಲೇ ಒರೆಸಿ, ಮೆಟ್ಟಿಲ ಬಳಿ ಇಟ್ಟರು.