ಕೌದಿಯ ನಾಲ್ಕನೇ ಮೂಲೆ

ಆ ಮೇಡಂಗೆ ನಮ್ಮ ಮನೆಯ ಬಾಗಿಲು ತೋರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೈಯುವುದು ಬಹಳ ಇದೆ, ಆ ಬೈಗುಳದಲ್ಲಿ ನನ್ನ ಪಾಲೂ ಸ್ವಲ್ಪ ಇರಲಿ.

ಸವಣೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಶಾಲೆಯ ಯೂನಿಫಾರ್ಮು, ಸೀರೆಗೆ ಫಾಲು, ಇಷ್ಟೇ ನನ್ನ ಪ್ರಪಂಚ. ಕೆಲವು ವರ್ಷಗಳ ಹಿಂದೆ ಶಿಗ್ಗಾವಿಯಲ್ಲಿ ಹಳೆಯ ಹತ್ತಿ ಗೋದಾಮೊಂದಕ್ಕೆ ಸುಣ್ಣ ಬಳಿದು ಕಲಾಕೇಂದ್ರ ಮಾಡಿದರು. ಬೇಸಿಗೆಯಲ್ಲಿ ಮಕ್ಕಳಿಗೆ ನಾಟಕ ಮತ್ತು ಮಣ್ಣಿನ ಗೊಂಬೆ, ಭಾನುವಾರಗಳಲ್ಲಿ ದೊಡ್ಡವರಿಗೆ ಚಿತ್ರ, ಹಾಡು, ಕಸೂತಿ. ಬ್ಲೌಸ್ ಕಟಿಂಗ್ ಹೇಳಿಕೊಡಲು ನನ್ನನ್ನೂ ಕರೆದರು. ಕರಿಹಲಗೆಯ ಮುಂದೆ ನಿಂತು ಸೀಮೆಸುಣ್ಣ ಹಿಡಿದ ಮೊದಲ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಲ್ಲಿನ ಕಾರ್ಯಾಗಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಮೇಡಂ. ಹುಬ್ಬಳ್ಳಿಯವರು, ಕಲಾಶಾಲೆಯಲ್ಲಿ ಕಲಿತವರು. ದೊಡ್ಡ ಕುಂಕುಮ, ಕೈಮಗ್ಗದ ಸೀರೆ, ಬೆಣ್ಣೆಯಂಥ ಮಾತು. ಕೇಂದ್ರಕ್ಕೆ ಒಯ್ದಿದ್ದ ನನ್ನ ಮಷೀನಿಗೆ ಹೊದಿಸಿದ್ದ, ಹಳೆಯ ಬಟ್ಟೆ ಪದರ ಹಾಸಿ ಹೊಲಿದ ಕೌದಿಯ ತುಂಡನ್ನು ಒಂದು ದಿನ ಅವರು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾರು ಹೊಲದದ್ರೀ ಇದು? ಈ ಹೊಲಿಗಿ ಟಾಕಿ ಎಷ್ಟು ಸಮ ಬಿದ್ದಾವಲ್ಲ!"

"ನಮ್ಮವ್ವ" ಎಂದೆ.

"ನನ್ನ ಕರ್ಕೊಂಡು ಹೋಗ್ರೀ ಅವರ ಹತ್ರ."

ನಾನು ಹಿಗ್ಗಿ ಹೀರೇಕಾಯಿಯಾದೆ. ಮುಂದಿನ ವಾರವೇ ಕರೆದುಕೊಂಡು ಹೋದೆ.

ಅವ್ವ ಆಗ ತನ್ನ ಕೊನೆಯ ಕೌದಿ ಹಿಡಿದಿದ್ದಳು. ಕೊನೆಯದು ಎಂದು ತೀರ್ಮಾನಿಸಿದ್ದು ಅವಳಲ್ಲ, ಕಣ್ಣಿನ ಡಾಕ್ಟರು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದು ಅವರು ಹೇಳಿದ್ದರು. ನಾಲ್ಕು ತಾಲೂಕಿನ ಮನೆಗಳಿಗೆ ಹೊಲಿದವಳು ಅವ್ವ. ಹಾನಗಲ್ಲಿನ ಬಾಣಂತಿಯರಿಗೆ, ಹಿರೇಕೆರೂರಿನ ಮದುಮಕ್ಕಳಿಗೆ, ಹತ್ತಿಮತ್ತೂರಿನ ಮುದುಕರಿಗೆ. ತನಗಾಗಿ ಒಂದನ್ನೂ ಹೊಲಿದುಕೊಂಡಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಹೊದೆಯುತ್ತಿದ್ದದ್ದು ಅಂಗಡಿಯಿಂದ ತಂದ ರಗ್ಗು.

"ಇದೊಂದು ನನಗ. ಮಂದಿಗೆ ಹೊಲದು ಹೊಲದು ಬೆರಳು ತೂತು ಬಿದ್ದಾವು. ಇದನ್ನ ನಾ ಹೊತಗೊಂಡು ಮಲಗಾಕಿ" ಎಂದಿದ್ದಳು.

ಅದರಲ್ಲಿ ಅಪ್ಪನ ಧೋತರವಿತ್ತು, ಅವಳ ಮದುವೆಯ ಇಳಕಲ್ ಸೀರೆಯ ಸೆರಗಿತ್ತು, ನನ್ನ ಶಾಲೆಯ ನೀಲಿ ಲಂಗವಿತ್ತು, ನನ್ನ ಅಂಗಡಿಯ ಚಿಂದಿಯೂ ಇತ್ತು. ಆ ಕೌದಿ ಮುಗಿಯಬೇಕು, ಅವ್ವ ಅದನ್ನು ಹೊದ್ದು ಮಲಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಮೇಡಂ ನಾಲ್ಕು ತಿಂಗಳು ವಾರಕ್ಕೊಮ್ಮೆ ಬಂದರು. ಪದರ ಹೇಗೆ ಹಾಸಬೇಕು, ಚಿಂದಿಯನ್ನು ಎಲ್ಲಿ ಮಡಚಬೇಕು, ದಾರ ಗಂಟು ಬೀಳದ ಹಾಗೆ ಹೇಗೆ ಎಳೆಯಬೇಕು, ಎಲ್ಲವನ್ನೂ ಅವ್ವ ಬಾಯ್ಬಿಟ್ಟು ಹೇಳಿಕೊಟ್ಟಳು. ಮೇಡಂ ವಹಿಯಲ್ಲಿ ಬರೆದುಕೊಂಡರು, ಮೊಬೈಲಿನಲ್ಲಿ ತೆಗೆದುಕೊಂಡರು. ಹನ್ನೆರಡು ಗಂಟೆಯಾದರೆ ಅವ್ವ ರೊಟ್ಟಿಯ ಬುಟ್ಟಿ ಎಳೆದುಕೊಂಡು ಕರೆಯುತ್ತಿದ್ದಳು.

"ಬರ್ರಿ ಮೇಡಂ, ಒಂದ ತುತ್ತು ಉಣ್ಣೂಣು."

"ಬ್ಯಾಡ್ರೀ ಅಜ್ಜಿ, ನಂದು ಡಯಟ್ ನಡದದ."

ತಮ್ಮ ಸ್ಟೀಲ್ ಬಾಟಲಿಯ ನೀರನ್ನೇ ಕುಡಿಯುತ್ತಿದ್ದರು. ನಮ್ಮ ಲೋಟಕ್ಕೆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಅವರ ತುಟಿ ತಾಗಲಿಲ್ಲ. ಆ ಡಯಟ್ ನಮ್ಮ ಓಣಿಯ ತಿರುವಿನಲ್ಲಿ ಶುರುವಾಗಿ, ನಮ್ಮ ಓಣಿ ದಾಟಿದ ಮೇಲೆ ಮುಗಿಯುತ್ತಿತ್ತು. ಕಲಾಕೇಂದ್ರದಲ್ಲಿ ಅದೇ ಮೇಡಂ ಎರಡು ಪ್ಲೇಟು ಮಿರ್ಚಿ, ಮೇಲೆ ಒಂದು ಪ್ಲೇಟು ಗಿರಮಿಟ್ಟು ತಿಂದು ಕೈ ಒರೆಸಿಕೊಳ್ಳುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಯಾಕೆ ಉಣ್ಣುವುದಿಲ್ಲ ಎಂದು ನಾನೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ. ಕೇಳದೆಯೂ ಗೊತ್ತಾಗುವ ಸಂಗತಿ ಅದು.

ಮೂರು ಮೂಲೆ ಮುಗಿದು ನಾಲ್ಕನೆಯದೊಂದು ಬಾಕಿ ಉಳಿದಿತ್ತು. ಆಗ ಮೇಡಂ ಕೇಳಿದರು: "ಒಂದ ವಾರ ಕೊಡ್ರೀ. ಒಳಗ ಪದರ ಹೆಂಗ ಕುಂತಾವ ಅಂತ ಹುಡುಗ್ಯಾರಿಗೆ ತೋರಸ್ತೀನಿ." ಅವ್ವ ಕೊಟ್ಟಳು. ನಾನೇ ಮಡಚಿ, ಚೀಲದಲ್ಲಿಟ್ಟು, ಬಸ್ಸಿನವರೆಗೆ ಹೊತ್ತುಕೊಂಡು ಹೋಗಿ ಕೊಟ್ಟೆ.

ಒಂದು ವಾರ ಎರಡು ತಿಂಗಳಾಯಿತು. ಫೋನು ಎತ್ತಲಿಲ್ಲ. ಒಂದು ಭಾನುವಾರ ಕೇಂದ್ರಕ್ಕೆ ಹೋದರೆ ಹಜಾರದ ಗೋಡೆಯ ಮೇಲೆ ಅವ್ವನ ಕೌದಿ ತೂಗುತ್ತಿದೆ, ಮೇಲಿನಿಂದ ಲೈಟು ಬೇರೆ. ಪಕ್ಕದಲ್ಲಿ ಕಾರ್ಡು: 'ಮಣ್ಣಿನ ಮಡಿಲು'. ಕಲಾವಿದೆ ಎಂದು ಮೇಡಂ ಹೆಸರು. ಅದರ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ 'ಸ್ಥಳೀಯ ಮಹಿಳೆಯರ ಸಹಾಯದಿಂದ'. ನಾಲ್ಕನೇ ಮೂಲೆಯನ್ನು ಹೊಲಿದು ಮುಚ್ಚಿದ್ದರು.

ಇಲ್ಲಿಂದ ಮುಂದೆ ಬಹುವಚನ ತೆಗೆಯುತ್ತೇನೆ. ನನ್ನ ಹತ್ತಿರ ಅದು ಹೆಚ್ಚಿಲ್ಲ.

"ಇದು ನಮ್ಮವ್ವಂದು" ಎಂದೆ.

"ಕಾರ್ಯಾಗಾರದಾಗ ಆಗಿದ್ದು ಕೇಂದ್ರದ್ದು ಆಗ್ತದರೀ. ನಿಮ್ಮ ತಾಯಿ ಸಹಾಯ ಮಾಡ್ಯಾರ, ಇಲ್ಲ ಅನ್ನಂಗಿಲ್ಲ. ಆದ್ರ ಮುಗಿಸಿದ್ದು ನಾನು. ಮುಗಿಸಿದವರದೇ ಕೃತಿ" ಎಂದಳು. ಬೆಣ್ಣೆ ಇನ್ನೂ ಕರಗಿರಲಿಲ್ಲ.

ಕೇಂದ್ರದ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಕೆಟ್ಟ ಮನುಷ್ಯರಲ್ಲ. ಅವರ ಹತ್ತಿರ ಹೋದೆ. ಕನ್ನಡಕ ತೆಗೆದು ಒರೆಸುತ್ತ, "ಪುರಾವೆ ಏನೈತಿ ಹೇಳವ್ವ? ಮುಗಿಸಿದ್ದು ತಾವು ಅಂತ ಅವರು ಅಂತಾರ" ಎಂದರು. ನನ್ನ ಹತ್ತಿರ ಇದ್ದದ್ದು ನಾಲಿಗೆಯೊಂದೇ.

ಆಮೇಲಿನ ವಾರ ನಾನು ಯಾರದೋ ಬ್ಲೌಸಿನ ಎಡತೋಳನ್ನು ಬಲಕ್ಕೆ ಹಚ್ಚಿದೆ. ಕತ್ತರಿ ಹಿಡಿದರೆ ಆ ದೊಡ್ಡ ಕುಂಕುಮ ಕಣ್ಣ ಮುಂದೆ ಬರುತ್ತಿತ್ತು. ನನಗೆ ನ್ಯಾಯ ಬೇಕಾಗಿತ್ತು ಎಂದು ಈಗ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ನನಗೆ ಸೇಡು ಬೇಕಾಗಿತ್ತು. ನಾಲ್ಕು ಮಂದಿಯ ಮುಂದೆ ಅವಳ ಮುಖ ಸಣ್ಣಗಾಗುವುದನ್ನು ನೋಡಬೇಕಾಗಿತ್ತು.

ಅವ್ವನಿಗೆ ಹೇಳಲು ನನಗೆ ಎಂಟು ದಿನ ಬೇಕಾಯಿತು. ಹೇಳಿದಾಗ ಅವಳು ದಾರದ ಉಂಡೆಗಳನ್ನು ಮುಟ್ಟಿ ಮುಟ್ಟಿ ಬೇರೆ ಮಾಡುತ್ತಿದ್ದಳು. ಕಣ್ಣು ಅಷ್ಟರಲ್ಲಿ ಪೂರ್ತಿ ಮಸುಕಾಗಿತ್ತು.

"ನಾಕನೇ ಮೂಲಿ ಮುಚ್ಯಾಳೇನು?" ಎಂದು ಕೇಳಿದಳು.

"ಮುಚ್ಯಾಳ."

"ಏನ ಹಾಕಿ ಮುಚ್ಚಿದ್ಲಂತ?"

ನನಗೆ ಥಟ್ಟನೆ ಹೊಳೆಯಿತು. ನಮ್ಮ ಕಡೆ ಕೌದಿಗೆ ಹೊಟ್ಟೆ ಇರುತ್ತದೆ. ಕೊನೆಯ ಮೂಲೆ ಮುಚ್ಚುವ ದಿನ ಹೊಲಿದವಳು ಒಂದು ರೊಟ್ಟಿ ಮುರಿದು ಅರ್ಧ ತಾನು ಉಣ್ಣುತ್ತಾಳೆ. ಉಳಿದ ಅರ್ಧದ ಒಂದು ಚೂರನ್ನು ಚಿಂದಿಯಲ್ಲಿ ಗಂಟು ಕಟ್ಟಿ ಮೂಲೆಯೊಳಗೆ ಇಟ್ಟು ಹೊಲಿಯುತ್ತಾಳೆ. ಹೊದ್ದವರು ಹಸಿದು ಮಲಗಬಾರದು ಎಂದು. ಎಷ್ಟು ಒಗೆದರೂ ಆ ಗಂಟು ಬೆರಳಿಗೆ ಸಿಗುತ್ತದೆ. ಕೌದಿ ಕಂಡರೆ ಸಾಕು, ಇಲ್ಲಿನ ಹೆಂಗಸರ ಕೈ ತಾನಾಗಿ ಮೂಲೆಗೆ ಹೋಗುತ್ತದೆ.

"ಆಕಿಗೆ ಹೊಟ್ಟಿ ತುಂಬೂದು ನೀ ಹೇಳಿಕೊಡಲೇ ಇಲ್ಲೇನವ್ವ?"

"ಉಣ್ಣಾಕ ಕುಂತಿದ್ರ ಹೇಳ್ತಿದ್ದೆ" ಎಂದಳು ಅವ್ವ. ದಾರದ ಕಡೆಗೇ ಮುಖ. "ರೊಟ್ಟಿ ಮುಟ್ಟದಾಕಿಗೆ ರೊಟ್ಟಿ ಸುದ್ದಿ ಏನ ಹೇಳಲಿ?"

ಮುಂದಿನ ತಿಂಗಳು ಕೇಂದ್ರದಲ್ಲಿ ಹೆಂಗಸರ ಕೈಕೆಲಸದ ಮೇಳವಿತ್ತು. ಊರಿಂದೂರಿಗೆ ಫೋನು ಮಾಡಿ ಎಲ್ಲರನ್ನೂ ಕರೆಯುವ ಕೆಲಸವನ್ನು ನಾನು ಕೇಳಿ ಪಡೆದುಕೊಂಡೆ. ಮೇಡಂಗೆ ಬಹಳ ಖುಷಿಯಾಯಿತು, ನಾನು ಸಿಟ್ಟು ಬಿಟ್ಟೆನೆಂದು. ಅವ್ವನ ಕೌದಿ ಹೊದ್ದು ಬೆಳೆದ ಮನೆಗಳು ನನಗೆಲ್ಲ ಗೊತ್ತು. ತಿಳವಳ್ಳಿಗೆ ಮಾಡಿದೆ, ಹಾನಗಲ್ಲಿಗೆ ಮಾಡಿದೆ, ಹಿರೇಕೆರೂರಿಗೆ, ಬಂಕಾಪುರಕ್ಕೆ ಮಾಡಿದೆ. ಗೋಡೆಯ ಮೇಲಿನ ಕೌದಿಯ ಬಗ್ಗೆ ಒಂದಕ್ಷರ ಹೇಳಲಿಲ್ಲ. "ಬರ್ರಿ, ಭಾಳ ಛಲೋ ಐತಿ" ಎಂದಷ್ಟೇ ಅಂದೆ.

ಮೇಳದ ದಿನ ಅವ್ವ ಬೆಳಿಗ್ಗೆ ಎದ್ದು ಕೈಯಂದಾಜಿನಲ್ಲೇ ಜೋಳದ ರೊಟ್ಟಿ ಬಡಿದಳು. ಅದರಲ್ಲೊಂದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಹನ್ನೊಂದರ ಹೊತ್ತಿಗೆ ಗೋದಾಮು ತುಂಬಿತ್ತು. ಮೇಡಂ ಮೈಕು ಹಿಡಿದು ಅಧ್ಯಕ್ಷರಿಗೂ ಅತಿಥಿಗಳಿಗೂ ಕೌದಿ ತೋರಿಸುತ್ತಿದ್ದಳು. ಆ ಧೋತರದ ಬಿಳಿಯನ್ನು ಅವಳು ಮೌನ ಎಂದು ಕರೆದಳು. ಅದು ನಮ್ಮಪ್ಪನ ಧೋತರ, ಅವನು ಜೀವಮಾನದಲ್ಲಿ ಬಾಯಿ ಮುಚ್ಚಿದವನಲ್ಲ. ನಾನು ನಗು ನುಂಗಿಕೊಂಡು ನಿಂತೆ.

ತಿಳವಳ್ಳಿಯಿಂದ ಬಂದ ಗಟ್ಟಿ ಆಳಿನ ಹೆಂಗಸೊಬ್ಬಳು ಗುಂಪು ಸರಿಸಿಕೊಂಡು ಮುಂದೆ ಬಂದಳು. ನಾನು ಕಾದಿದ್ದದ್ದು ಆಯಿತು. ಕೈ ಮೂಲೆಗೆ ಹೋಯಿತು. ಹಿಚುಕಿದಳು. ಇನ್ನೊಂದು ಮೂಲೆ ಹಿಚುಕಿದಳು. ತುದಿಗಾಲಲ್ಲಿ ನಿಂತು ಮೇಲಿನವೆರಡನ್ನೂ ಮುಟ್ಟಿ ನೋಡಿದಳು.

"ಇದರ ಹೊಟ್ಟಿ ಎಲ್ಲೈತ್ರೀ?"

ಹಿರೇಕೆರೂರಿನವರಿಬ್ಬರು ಬಂದು ಹಿಚುಕಿದರು. ಹಾನಗಲ್ಲಿನವಳೊಬ್ಬಳು ಹಿಚುಕಿದಳು. ಅಷ್ಟರಲ್ಲಿ ಅಲ್ಲೊಂದು ಸಾಲೇ ಆಗಿತ್ತು.

"ಹೊಟ್ಟಿ ಅಂದ್ರ?" ಎಂದಳು ಮೇಡಂ. ಮೈಕಿನಲ್ಲಿ.

ಬಂಕಾಪುರದಿಂದ ಬಂದ, ಮನೆಯಲ್ಲಿ ತಾನೂ ಕೌದಿ ಹೊಲಿಯುವ ಮುಸ್ಲಿಂ ಅಜ್ಜಿಯೊಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ, ಇದನ್ನ ಉಪಾಸ ಕೆಡವ್ಯಾರ! ಮುಗಿಸಿದಾಕಿ ಅರ್ಧಾ ರೊಟ್ಟಿ ತಿಂದು, ಗಂಟು ಕಟ್ಟಿ ಮೂಲ್ಯಾಗ ಇಡಬೇಕು. ಇದು ಮುಗದದ್ದ ಅಲ್ಲ ಸಾಹೇಬ್ರ, ಬರೇ ಮುಚ್ಚಿದ್ದು" ಎಂದು ಅಧ್ಯಕ್ಷರಿಗೇ ಹೇಳಿದಳು.

ಅಧ್ಯಕ್ಷರು ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ.

ನಾನು ಮುಂದೆ ಹೋದೆ. ಚಿಕ್ಕ ಕತ್ತರಿಯಿಂದ ನಾಲ್ಕನೇ ಮೂಲೆಯ ಟಾಕಿ ಬಿಚ್ಚಿದೆ, ಮೇಡಂ ಹಾಕಿದ ಟಾಕಿ ಅಷ್ಟೇ, ಅವ್ವನದು ಒಂದೂ ಅಲ್ಲ. ಒಳಗೆ ಏನೂ ಇರಲಿಲ್ಲ. ಚೀಲದಿಂದ ರೊಟ್ಟಿ ತೆಗೆದು ಅವಳ ಮುಂದೆ ಹಿಡಿದೆ.

"ಮುಗಿಸಿದ್ದು ನಾ ಅಂದಿದ್ರಲ್ರೀ ಮೇಡಂ. ಈಗ ಮುಗಸ್ರಿ. ನಮ್ಮವ್ವ ಬಡದ ರೊಟ್ಟಿ."

"ನಂದು ಡಯಟ್..."

"ಏ, ಈಗಷ್ಟೇ ಹೊರಗ ಮಿರ್ಚಿ ತಿನ್ನಾಕತ್ತಿದ್ರಲ್ರೀ!" ಎಂದಳು ತಿಳವಳ್ಳಿಯವಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ನಗು ಗೋದಾಮಿನ ತಗಡಿನವರೆಗೆ ಹೋಯಿತು.

ಮೇಡಂ ರೊಟ್ಟಿ ಮುರಿದಳು, ಬಾಯಿಗಿಟ್ಟಳು. ಬರೀ ರೊಟ್ಟಿ, ಪಲ್ಯವಿಲ್ಲ, ಚಟ್ನಿಯಿಲ್ಲ, ಎಣ್ಣೆಯ ಹನಿಯೂ ಇಲ್ಲ. ಅಷ್ಟು ಮಂದಿ ಅವಳ ದವಡೆಯನ್ನೇ ನೋಡುತ್ತಿದ್ದರು. ಗಂಟಲಲ್ಲಿ ಇಳಿಯಲಿಲ್ಲ. ಆ ಸ್ಟೀಲ್ ಬಾಟಲಿ ಎಲ್ಲಿತ್ತೋ ಏನೋ, ನಾನು ನನ್ನ ಬಾಟಲಿ ಕೊಟ್ಟೆ. ಗಟಗಟ ಕುಡಿದಳು. ನಾಲ್ಕು ತಿಂಗಳ ನೀರನ್ನು ಒಮ್ಮೆಲೇ ಕುಡಿಸಿದೆ ಎಂದು ನನ್ನ ಹೊಟ್ಟೆ ತಣ್ಣಗಾಯಿತು.

ಇಷ್ಟಕ್ಕೆ ಬಿಡಬಹುದಾಗಿತ್ತು. ಬಿಡಲಿಲ್ಲ. ಸೂಜಿ ದಾರ, ಒಂದು ಚಿಂದಿ ಕೈಗೆ ಕೊಟ್ಟೆ.

"ಈಗ ಗಂಟ ಕಟ್ರಿ."

ಚಿಂದಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಕೊನೆಗೆ, "ನನಗ ಬರಂಗಿಲ್ಲ" ಎಂದಳು. ಮೈಕನ್ನು ಯಾರೂ ಬಂದ್ ಮಾಡಿರಲಿಲ್ಲ.

ಅಧ್ಯಕ್ಷರೇ ಕೌದಿಯನ್ನು ಗೋಡೆಯಿಂದ ಇಳಿಸಿ ನನ್ನ ತೋಳಿಗೆ ಹಾಕಿದರು. ಕಾರ್ಡನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಮೇಡಂ ಆಮೇಲೆ ಹುಬ್ಬಳ್ಳಿಗೆ ಮರಳಿದಳೆಂದು ಕೇಳಿದ್ದೇನೆ. ಪಾಪ ಎಂದು ಇವತ್ತಿಗೂ ಅನಿಸಿಲ್ಲ, ಅನಿಸಲಿ ಎಂದು ಕಾಯುತ್ತಲೂ ಇಲ್ಲ.

ಸವಣೂರಿನ ಬಸ್ಸಿನಲ್ಲಿ ಕೌದಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮಡಿಲಿಗೆ ಹಾಕಿದ ಕೂಡಲೇ ಬೆರಳಿನಿಂದ ಧೋತರ ಹುಡುಕಿದಳು, ಸೆರಗು ಹುಡುಕಿದಳು, ಬಿಚ್ಚಿದ ಮೂಲೆಗೆ ಬಂದು ನಿಂತಳು. ಮನೆಯ ರೊಟ್ಟಿಯೊಂದನ್ನು ಮುರಿದು ಅವಳಿಗೆ ಅರ್ಧ ಕೊಟ್ಟೆ, ಒಂದು ಚೂರನ್ನು ಗಂಟು ಕಟ್ಟಿದೆ, ಸೂಜಿ ಪೋಣಿಸಿದೆ. ಅವ್ವ ಉಣ್ಣುತ್ತ ಎಲ್ಲವನ್ನೂ ಕೇಳಿದಳು. ನಾನು ಹಬ್ಬದ ಸುದ್ದಿಯ ಹಾಗೆ ಹೇಳಿದೆ.

"ಆಕಿ ಉಂಡ್ಲೇನು?"

"ಉಂಡ್ಲು."

"ಎದರ ಕೂಡ?"

"ಬರೇ ಒಣಾ ರೊಟ್ಟಿ."

ಅವ್ವ ಅಗಿಯುವುದನ್ನು ನಿಲ್ಲಿಸಿದಳು. ನಮ್ಮ ಮನೆಯಿಂದ ಯಾರಿಗೂ, ವೈರಿಗೂ, ಒಣ ರೊಟ್ಟಿ ಕೊಟ್ಟದ್ದಿಲ್ಲ. ಬೈಯುತ್ತಾಳೆಂದು ತಲೆ ತಗ್ಗಿಸಿದೆ.

"ತಪ್ಪ ಮಾಡಿದಿ" ಎಂದಳು. "ಕೆಂಪ ಮೆಣಸಿನಕಾಯಿ ರಂಜಕಾ ಹಚ್ಚಿ ಕೊಡಬೇಕಿತ್ತು. ಮೈಕಿನ ಮುಂದ ಕಣ್ಣಾಗ ನೀರ ಬರತಿದ್ದವು."

ಆಮೇಲೆ ಸೂಜಿಗೆ ಕೈ ಚಾಚಿದಳು.