ಮುಂದಿನ ಗಾಲಿಗೆ ಮಾವನ ತೂಕ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ತೆಲಿಗಿಯಿಂದ ಹರಪನಹಳ್ಳಿಗೆ ಬರುವ ದಾರಿಯ ಏರಿನಲ್ಲಿ, ನನ್ನ ಸೋದರಮಾವನ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದವು. ಹಿಂದಿನ ಟ್ರೇಲರಿನ ತುಂಬ ಮೆಕ್ಕೆಜೋಳದ ಚೀಲ. ಮಾವನ ಮಗ ಬ್ರೇಕು ತುಳಿದು ನಿಲ್ಲಿಸಿದ.

ನಾನು ಬೈಕಿನಲ್ಲಿ ಹಿಂದೆಯೇ ಬರುತ್ತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ತಲೆಯಲ್ಲಿ ಮರುದಿನದ ಪಾಠವಿತ್ತು: ‘ವೇ ಡೌನ್’ (weigh down), ಭಾರ ಹೇರಿ ಬಗ್ಗಿಸುವುದು. ಹಣ್ಣಿನ ಭಾರಕ್ಕೆ ಕೊಂಬೆ ಬಾಗಿದರೂ, ಚಿಂತೆಯ ಭಾರಕ್ಕೆ ಮನುಷ್ಯ ಕುಗ್ಗಿದರೂ ಅದೇ ಮಾತು. ನಮಗೆ ‘ಹೇರು’ ಎಂದರೆ ಸಾಕು, ಅವರಿಗೆ ಆ ‘ಡೌನ್’ ಯಾಕೆ ಬೇಕೋ ಎಂದುಕೊಳ್ಳುತ್ತಿದ್ದೆ.

ಮಾವ ಚೀಲಗಳ ಮೇಲಿಂದ ಇಳಿದು, ಟ್ರ್ಯಾಕ್ಟರಿನ ಮುಂದಿನ ಬಂಪರ್ ಏರಿ ಕೂತ. ಏರಿನಲ್ಲಿ ಮೂತಿ ಎದ್ದರೆ ಒಬ್ಬರು ಹೀಗೆ ಕೂರುವುದು ನಮ್ಮ ಕಡೆ ರೂಢಿ. ನಾನು ಬೈಕು ದಾರಿ ಬದಿಗೆ ನಿಲ್ಲಿಸಿ ಮುಂದೆ ಬಂದೆ.

“ಅಪ್ಪಾ, ಬ್ಯಾಡ. ಒಂದೀಟು ಚೀಲ ಇಳಿಸಿ ಹೋಗಾಣ.”

“ಇಳಿಸಿದ್ರ ಮತ್ತ ಏರಿಸೋರು ಯಾರಲೇ? ನಿಮ್ಮವ್ವನ ರೊಟ್ಟಿ ತಿಂದು ಬೆಳದ ಮೈ ಐತಿ. ನಡಿ.”

ಗಾಲಿಗಳು ಮತ್ತೆ ಎದ್ದವು, ಮಾವನ ಸಮೇತ. ಅವನ ಚಪ್ಪಲಿಗಳು ಗಾಳಿಯಲ್ಲಿ ತೂಗಿದವು. ಮಗ ಕ್ಲಚ್ ಒತ್ತಿದ. ಮೂತಿ ನೆಲಕ್ಕೆ ಅಪ್ಪಳಿಸಿತು, ಮಾವ ರಸ್ತೆಗೆ ಬಿದ್ದ. ಟ್ರ್ಯಾಕ್ಟರು ಹಿಂದಕ್ಕೆ ಸರಿಯಿತು, ಟ್ರೇಲರು ದಾರಿ ಪಕ್ಕದ ದಿಬ್ಬಕ್ಕೆ ಒರಗಿ ನಿಂತಿತು. ಅದು ಮುಂದಕ್ಕೆ ಉರುಳಿದ್ದರೆ? ಮಾವ ಎದ್ದ. ಮೊಣಕೈ ತರಚಿತ್ತು. ಒಂದು ಚಪ್ಪಲಿ ಹುಡುಕುತ್ತಿದ್ದ.

ಆ ಸಂಜೆ ಪಾಠಕ್ಕೆಂದು ನಿಘಂಟು ತೆರೆದರೆ ಅದೇ ಮಾತಿಗೆ ಇನ್ನೊಂದು ಬಳಕೆ ಸಿಕ್ಕಿತು: ಕಾಗದ ಹಾರದಂತೆ ಮೇಲೊಂದು ಕಲ್ಲಿಟ್ಟು ಅದುಮಿ ಹಿಡಿಯುವುದು. ಭಾರವೆಂದರೆ ಬರೀ ಕಷ್ಟವಲ್ಲ, ಹಿಡಿದಿಡುವುದೂ ಹೌದು. ಮಾವ ಮಾಡಿದ್ದು ಅದನ್ನೇ, ಕಲ್ಲಿನ ಜಾಗದಲ್ಲಿ ತಾನು ಕೂತು. ಮರುದಿನ ಉದಾಹರಣೆ ಬರೆಯಲು ಹೋದರೆ ಕಪ್ಪುಹಲಗೆಯ ಮೇಲೂ ಆ ಚಪ್ಪಲಿಗಳೇ. ರಾತ್ರಿ ಕಣ್ಣು ಮುಚ್ಚಿದರೂ ಅವೇ, ನಿದ್ದೆ ಹತ್ತಲಿಲ್ಲ. ಇನ್ನೂ ಅರ್ಧ ಮೆಕ್ಕೆಜೋಳ ಮಾವನ ಮನೆಯಲ್ಲೇ ಇತ್ತು. ಮುಂದಿನ ಸಲವೂ ಅವನು ಅಲ್ಲೇ ಕೂರುತ್ತಾನೆ.

ಮಾವನ ಮನೆಗೆ ಹೋಗಿ ಹೇಳಿದೆ: ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ತೂಕ ಕೂರಿಸೋಣ, ಚೀಲ ಕಡಿಮೆ ಮಾಡಿ ಎರಡು ಸಲ ಹೊಡೆಯೋಣ.

“ನಾ ಇರಬೇಕಾದ್ರ ಕಬ್ಬಿಣ ಯಾಕ ಅಳಿಯಾ?”

ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ಕಬ್ಬಿಣ ಬಿದ್ದು ಬಂದು ಎಣ್ಣಿ ಹಚ್ಚು ಅನ್ನಂಗಿಲ್ಲ. ಅದನ್ನ ಹಾಕಸ್ರಿ.”

ಮಾವ ಮೊಣಕೈ ನೋಡಿಕೊಂಡ.

ಕೊಟ್ಟೂರಿನ ಗ್ಯಾರೇಜಿನಲ್ಲಿ ತೂಕ ಕೂರಿಸಿದರು. ಮುಂದಿನ ಸಲ ಮಾವ ನನ್ನ ಬೈಕಿನ ಹಿಂದೆ ಕೂತ. ಏರು ಬಂದಾಗ ನನ್ನ ಹೆಗಲು ಹಿಡಿದ.

“ನಿನ್ನ ಬೈಕಿನ ಮೂತಿ ಎದ್ದೀತು, ನೋಡು.”

ನಾನು ಬೈಕು ಪಕ್ಕಕ್ಕೆ ತಂದು, ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನೇ ನೋಡಿದೆ. ಏರಿನುದ್ದಕ್ಕೂ ಅವು ನೆಲ ಬಿಡಲಿಲ್ಲ. ಆ ರಾತ್ರಿ ಮಲಗಿದವನಿಗೆ ಬೆಳಗಾಗಿಯೇ ಎಚ್ಚರವಾಯಿತು.