‘ಏನೂ ಮುಟ್ಟಿಲ್ರಿ’ ಅನ್ನುವವರ ನಡುವೆ ಅರ್ಜುಮಂದ

ಶಹಾಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಚಹಾದ ಮೊದಲ ಪಾತ್ರೆ ಇನ್ನೂ ಕುದಿಯುತ್ತಿದೆ. ಹಿಂದಿನ ಗಲ್ಲಿಯಲ್ಲಿ, ಅರ್ಧ ಎತ್ತಿದ ಶಟರ್‌ನ ಒಳಗೆ, ಅರ್ಜುಮಂದ ಆಗಲೇ ಒಬ್ಬರಿಗೆ ಬೈಯುತ್ತಿದ್ದಾರೆ. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿದೆ. ಒಂದು ಕೈಯಲ್ಲಿ ಬಣ್ಣ ಹಚ್ಚುವ ಬ್ರಷ್, ಇನ್ನೊಂದರಲ್ಲಿ ಕಂಪ್ಯೂಟರಿನ ಫ್ಯಾನು. ರೆಕ್ಕೆಗಳ ಸಂದಿಯಿಂದ ಹತ್ತಿಯ ಎಳೆ ಹೊರಬರುತ್ತಲೇ ಇದೆ. ಹತ್ತಿ ಮಿಲ್ಲಿನ ಆಫೀಸಿನ ಯಂತ್ರ ಅದು. ಒಳಗೆ ಒಂದು ದಿಂಬಿಗಾಗುವಷ್ಟು ಸರಕಿದೆ.

‘ಏನೂ ಮುಟ್ಟಿಲ್ಲ ಅಂತೀರಿ. ಹಂಗಾದ್ರ ಡಬ್ಬಿ ತಾನೇ ಬಿಚ್ಕೊಂಡದೇನ್ರಿ? ಸ್ಕ್ರೂ ತಾವೇ ಎದ್ದು ಹೋಗ್ಯಾವೇನು?’

ಆ ಕಡೆ ಇರುವವರು ಕಡೇಚೂರಿನ ಕಾರ್ಖಾನೆಯೊಂದರ ಗುಮಾಸ್ತರು. ಏನೋ ಸಮಜಾಯಿಷಿ ಹೇಳುತ್ತಾರೆ. ಅರ್ಜುಮಂದ ಕಣ್ಣು ಮುಚ್ಚಿ ಕೇಳಿಸಿಕೊಂಡು, ‘ನಾಳಿ ಬರ್ತೀನಿ. ಅಲ್ಲೀತನ ಕೈ ಹಚ್ಚಬ್ಯಾಡ್ರಿ’ ಎಂದು ಫೋನಿಡುತ್ತಾರೆ. ‘ಈ ಕೆಲಸಕ್ಕ ಬಂದಾಗಿಂದ ಕೇಳಾಕತ್ತೀನಿ. ಹೌದ್ರಿ, ನಾನೇ ಬಿಚ್ಚೀನಿ ಅಂತ ಒಬ್ರರೆ ಅಂದಿದ್ರ ಹೇಳ್ರಿ.’

ಇವತ್ತು ಸುರಪುರಕ್ಕೆ ಹೋಗುವ ದಿನ. ಹೆಗಲಚೀಲದಲ್ಲಿ ಸ್ಕ್ರೂಡ್ರೈವರ್‌ಗಳು, ಬ್ರಷ್, ಫೈಲು ಕೂಡಿಡುವ ಒಂದೆರಡು ಹೊಸ ಎಸ್‌ಎಸ್‌ಡಿ ಡ್ರೈವ್, ಸಾಸಿವೆ ಗಾತ್ರದ ಸ್ಕ್ರೂಗಳ ಒಂದು ಡಬ್ಬಿ. ಈ ಸ್ಕ್ರೂಗಳನ್ನು ಗಿರಾಕಿಗಳು ಕಳೆಯುತ್ತಾರೆ, ಇವರು ತುಂಬಿಸುತ್ತಾರೆ. ಒಳಮನೆಯಿಂದ ತಾಯಿ ಚಮನಬೀ ‘ಚಾ ಪೀಕೇ ಜಾ ಗೇ’ ಎಂದು ಕೂಗುತ್ತಾರೆ. ಮಗಳು ನಿಂತೇ ಅರ್ಧ ಲೋಟ ಕುಡಿದು ಬಸ್ಸಿನ ಕಡೆ ಓಡುತ್ತಾಳೆ.

ನಲವತ್ತು ದಾಟಿರುವ ಅರ್ಜುಮಂದ ಶಹಾಪುರ, ಸುರಪುರ, ಯಾದಗಿರಿ ಮೂರೂ ಊರುಗಳ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ತಂದೆ ಇದೇ ಕೋಣೆಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಅವರ ದೃಷ್ಟಿ ಮಂಜಾದಾಗ ಹತ್ತನೇ ಇಯತ್ತೆ ಮುಗಿಸಿದ್ದ ಮಗಳು ಬೆಸುಗೆಯ ಕಡ್ಡಿ ಹಿಡಿದಳು. ಟೇಪುಗಳ ಕಾಲ ಮುಗಿದು ಕಂಪ್ಯೂಟರ್ ಬಂದಾಗ, ಕೆಟ್ಟುಹೋದ ಒಂದನ್ನು ಕೊಂಡು ತಂದು, ಬಿಚ್ಚಿ ಕೂಡಿಸಿ ಕಲಿತಳು. ‘ಮೊದಮೊದಲಿಗೆ ಅಂಗಡಿಗಿ ಬಂದವ್ರು ಒಳಗ ಇಣಿಕಿ, ರಿಪೇರಿಯಾಂವ ಎಲ್ಲಿ ಅಂತ ಕೇಳೋರು. ನಾನೇರಿ ಅಂದ್ರ, ಆಯ್ತು, ಆಮ್ಯಾಲ ಬರ್ತೀವಿ ಅಂತ ಹೋಗೋರು’ ಎನ್ನುತ್ತಾರೆ. ಈಗ ಹಾಗೆ ಹೋಗುವವರು ಕಡಿಮೆ. ಆದರೆ ಒಂದು ಕೆಲಸ ಕೆಟ್ಟಿತು ಅಂತ ಸುದ್ದಿ ಹಬ್ಬಿದರೆ ಸಾಕು, ಆ ಹಳೆಯ ಮಾತು ಮತ್ತೆ ತಲೆ ಎತ್ತುತ್ತದೆ. ಇವತ್ತಿನ ಪ್ರಯಾಣ ಅಂಥ ಸುದ್ದಿಯ ಬೆನ್ನು ಹತ್ತಿಯೇ.

ಸುರಪುರದ ರಂಗಂಪೇಟೆಯಲ್ಲಿ ಮರಿಲಿಂಗ ಎಂಬಾತನ ಫೋಟೊ ಸ್ಟುಡಿಯೊ ಇದೆ. ಮದುವೆಗಳ ವಿಡಿಯೊ ಅವನ ಮುಖ್ಯ ಕಸುಬು. ಕ್ಯಾಮೆರಾ ಅವನದು, ಕಂಪ್ಯೂಟರಿನ ಮುಂದೆ ಕೂತು ಜೋಡಿಸುವ ಕೆಲಸ ಹೆಂಡತಿ ಭಾಗ್ಯಳದು. ಬೇಸಿಗೆಯ ಮೊದಲು ಅರ್ಜುಮಂದ ಈ ಸ್ಟುಡಿಯೊದ ಹಳೆಯ ಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಎರಡು ಎಸ್‌ಎಸ್‌ಡಿ ಕೂಡಿಸಿಕೊಟ್ಟಿದ್ದರು. ಮದುವೆಯ ಹಂಗಾಮು ಶುರುವಾದ ಮೇಲೆ ವಿಡಿಯೊ ತಡವರಿಸತೊಡಗಿತು. ಮರಿಲಿಂಗ ಇವರಿಗೆ ಫೋನು ಮಾಡುವುದು ಬಿಟ್ಟು ಊರವರಿಗೆ ಹೇಳಿದ: ಶಹಾಪುರದಾಕಿ ಹೊಸ ಕಾರ್ಡು ಎತ್ತಿಕೊಂಡು ಹಳೇದು ಹಾಕಿಹೋಗಿದ್ದಾಳೆ.

ಈ ಮಾತು ಇವರ ಕಿವಿಗೆ ಬಿದ್ದದ್ದು ಯಾದಗಿರಿಯಿಂದ. ಅಲ್ಲಿನ ಖಾಸಗಿ ಕಾಲೇಜೊಂದರ ಲ್ಯಾಬಿನ ಕೆಲಸ ಇವರಿಗೆ ಬರುವುದಿತ್ತು. ಕಾಲೇಜಿನ ಮ್ಯಾನೇಜರ್ ಖಂಡಪ್ಪ ಇದ್ದಕ್ಕಿದ್ದಂತೆ ‘ಸದ್ಯಕ್ಕ ಬ್ಯಾಡ, ಮುಂದ ನೋಡೂಣು’ ಅಂದರು. ಬಿಡದೆ ಕೇಳಿದಾಗ ಕಾರ್ಡಿನ ಕಥೆ ಹೊರಬಂತು. ಖಂಡಪ್ಪನವರ ತಂಗಿಯ ಮಗಳ ಮದುವೆಗೆ ವಿಡಿಯೊ ಮಾಡಿದ್ದು ಮರಿಲಿಂಗನೇ.

‘ಕೆಲಸ ಬರ್ಲಿಲ್ಲ ಅಂದ್ರ ಬ್ಯಾರೆ ಸಿಗ್ತದ. ಕಳ್ಳಿ ಅಂದ್ರಲ್ಲ, ಅದು ತಡಕೊಳ್ಳಾಕ ಆಗಲಿಲ್ರಿ’ ಎನ್ನುತ್ತಾರೆ ಅರ್ಜುಮಂದ. ಅವತ್ತು ಊಟದ ತಾಟು ಹಾಗೇ ಸರಿಸಿದ್ದರಂತೆ.

ಬಸ್ಸಿಳಿದು ಸ್ಟುಡಿಯೊ ಮುಟ್ಟಿದಾಗ ಮರಿಲಿಂಗ ಬಾಗಿಲಲ್ಲೇ ನಿಂತಿದ್ದಾನೆ. ಅಂದೇ ಸಂಜೆ ಒಂದು ಆರತಕ್ಷತೆ. ಮದುವೆಯ ಚಿತ್ರ ಅಲ್ಲಿ ಪರದೆಯ ಮೇಲೆ ಬರಬೇಕು, ಅದಿನ್ನೂ ಅರ್ಧವಾಗಿದೆ. ಹೀಗಾಗಿ ಅವನ ಮುಖವೂ ಗಂಟಿಕ್ಕಿದೆ.

‘ಅಕ್ಕಾರ, ನೀವ್ ಹ್ಯಾಂಗ ಕೊಟ್ಟಿದ್ರಿ ಹಂಗೇ ಅದ. ನಾ ಏನೂ ಮುಟ್ಟಿಲ್ರಿ.’

ಅರ್ಜುಮಂದ ಚೀಲ ಕೆಳಗಿಡುತ್ತಾರೆ. ಯಂತ್ರ ಆರಿಸಿ, ಮುಚ್ಚಳ ತೆಗೆದು, ಮೊದಲು ಕಾರ್ಡನ್ನು ಹೊರಗೆ ತೆಗೆಯುತ್ತಾರೆ. ‘ಇದರ ಖಾಲಿ ಡಬ್ಬಿ ತಗೊಂಡು ಬರ್ರಿ’ ಎನ್ನುತ್ತಾರೆ. ಡಬ್ಬಿಯ ಮೇಲಿನ ನಂಬರನ್ನೂ ಕಾರ್ಡಿನ ಮೇಲಿನ ನಂಬರನ್ನೂ ಮರಿಲಿಂಗನಿಂದಲೇ ಗಟ್ಟಿಯಾಗಿ ಓದಿಸುತ್ತಾರೆ. ಎರಡೂ ಒಂದೇ. ಅವನ ದನಿ ಕೊನೆಯ ಅಂಕಿಗೆ ಬರುವಷ್ಟರಲ್ಲಿ ಸಣ್ಣದಾಗುತ್ತದೆ. ‘ಮತ್ತ ಯಾಕ್ರಿ ನಿಧಾನ ಆಗ್ಯದ?’ ಎಂದು ಕೇಳುತ್ತಾನೆ.

ಕೇಳಬೇಕಾದ ಪ್ರಶ್ನೆಯೇ. ಕಾರ್ಡು ಮತ್ತೆ ಕೂಡಿಸಿ ಯಂತ್ರ ಚಾಲೂ ಮಾಡಿದಾಗ ಅರ್ಜುಮಂದ ಕಣ್ಣಾರೆ ನೋಡುತ್ತಾರೆ. ಪರದೆಯಲ್ಲಿ ಅಕ್ಷತೆ ಹಾಕುವ ಕೈಗಳು ಗಾಳಿಯಲ್ಲಿ ನಿಂತು ನಿಂತು ಇಳಿಯುತ್ತಿವೆ. ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್ ತೆರೆಯುತ್ತಾರೆ. ಕಾರ್ಡಿಗೆ ಹೋಗುವ ದಾರಿಗಳ ಲೆಕ್ಕ ಹದಿನಾರು ಇರಬೇಕಾದಲ್ಲಿ ಎಂಟು ಇದೆ.

‘ಒಳಗ ಮತ್ತೇನರೆ ಹಾಕಿಯೇನು?’

‘ಇಲ್ರಿ, ಏನೂ ಮುಟ್ಟಿಲ್ಲ.’

ಮೂಲೆಯಲ್ಲಿ ನಿಂತಿದ್ದ ಭಾಗ್ಯ ಸೆರಗು ಸರಿಪಡಿಸಿಕೊಳ್ಳುತ್ತಾ ಬಾಯಿ ಬಿಡುತ್ತಾಳೆ. ‘ಅಕ್ಕಾ, ಮೂರನೇ ಡ್ರೈವ್ ಹಾಕ್ಯಾರಲ್ರಿ. ಆನ್‌ಲೈನ್‌ದಾಗ ತರಿಸಿ, ಫೋನ್‌ದಾಗ ವಿಡಿಯೊ ನೋಡಿ ಹಾಕಿದ್ರು. ಅವತ್ತಿಂದನೇ ಹಿಂಗ ಆಗ್ಯದ ಅಂತ ನಾ ಹೇಳೀನಿ. ಕೇಳಲಿಲ್ಲ.’

‘ಅದು ಮುಟ್ಟಿದಂಗ ಏನ್ರಿ? ಬರೀ ಡ್ರೈವ್ ಹಾಕೀನಿ’ ಅನ್ನುತ್ತಾನೆ ಮರಿಲಿಂಗ, ಪೂರಾ ಪ್ರಾಮಾಣಿಕವಾಗಿ.

ಸಿಟ್ಟು ಬಂದಾಗ ಅರ್ಜುಮಂದರ ಮಾತಿನಲ್ಲಿ ‘ರಿ’ ಇರುವುದಿಲ್ಲ. ‘ಆ ಮೂರನೇ ಸ್ಲಾಟಿಗಿ ಏನೂ ಹಾಕಬ್ಯಾಡ ಅಂತ ನಾ ಬಾಯಿ ಬಿಟ್ಟು ಹೇಳಿದ್ದೆ, ಇಲ್ಲ?’

‘ಹೇಳಿದ್ರಿ. ಆದ್ರ ಜಾಗ ಕೊಟ್ಟಾರ ಅಂದ್ರ ಹಾಕಾಕೇ ಕೊಟ್ಟಿರ್ತಾರ ಅಲ್ರಿ?’

ಕಂಪ್ಯೂಟರಿನ ಮದರ್‌ಬೋರ್ಡು ಮಾಡುವ ಕಂಪನಿಗಳ ಮೇಲೆ ಅರ್ಜುಮಂದರದೂ ಇದೇ ತಕರಾರು. ಪ್ರೊಸೆಸರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಹದಿನಾರು ದಾರಿಗಳಿರುತ್ತವೆ. ಕೆಲವು ಬೋರ್ಡುಗಳಲ್ಲಿ ಒಂದು ಎಸ್‌ಎಸ್‌ಡಿ ಸ್ಲಾಟು ಇದೇ ದಾರಿಗಳಲ್ಲಿ ಪಾಲು ಕೇಳುತ್ತದೆ. ಅದಕ್ಕೆ ಬೇಕಾದದ್ದು ನಾಲ್ಕೇ. ಆದರೂ ಕಾರ್ಡು ಹನ್ನೆರಡರಲ್ಲಿ ನಿಲ್ಲುವುದಿಲ್ಲ, ನೇರ ಎಂಟಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಎಷ್ಟೋ ಸಲ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮರಿಲಿಂಗನ ಬೋರ್ಡು ಹಳೆಯದು, ಕಾರ್ಡಿನ ಸ್ವಂತ ಮೆಮೊರಿ ಕಡಿಮೆ. ನಾಲ್ಕು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಹರಡಿಕೊಂಡಾಗ ಕಾರ್ಡು ಪದೇಪದೇ ಯಂತ್ರದ ಮೆಮೊರಿಗೆ ಓಡಬೇಕು. ದಾರಿ ಕಿರಿದಾದರೆ ಚಿತ್ರ ಮುಗ್ಗರಿಸುತ್ತದೆ.

ಮರಿಲಿಂಗನಿಗೆ ಅವರು ಹೇಳುವುದು ಬೇರೆ ರೀತಿ: ‘ಕೆನಾಲಿನ ಗೇಟು ಅದು. ಕಾಲುಭಾಗ ಮುಚ್ಚಾಕ ಬರಲ್ಲ, ಮುಚ್ಚಿದ್ರ ಅರ್ಧ. ಮ್ಯಾಲಿನಾಂವ ನಾಲ್ಕು ತಗೊಂಡ, ಕೆಳಗಿನಾಂವಗ ಎಂಟೇ ಸಿಕ್ವು. ಉಳಿದ ನಾಲ್ಕು ಯಾರಿಗೂ ಇಲ್ಲ. ಯಾಕಂತ ಮಾಡಿದಾಂವನ್ನ ಕೇಳು.’

ಮೂರನೆಯದನ್ನು ಕಿತ್ತು ಕೈಗೆ ಕೊಡಬಹುದಿತ್ತು. ಆದರೆ ಸಂಜೆಯ ಮದುವೆ ಇರುವುದೇ ಅದರಲ್ಲಿ. ಎರಡನೆಯ ಡ್ರೈವಿನಲ್ಲಿ ಏನಿದೆ ಎಂದು ಭಾಗ್ಯಳನ್ನು ಕೇಳುತ್ತಾರೆ. ಕೊಟ್ಟು ಮುಗಿಸಿದ ಹಳೆಯ ವಿಡಿಯೊಗಳು ಎಂಬ ಉತ್ತರ ಬರುತ್ತದೆ.

‘ಮುಗಿದ ಮದಿವಿಗಿ ಅವಸರ ಏನದ?’ ಎಂದು ಅರ್ಜುಮಂದ ಚೀಲದಿಂದ ಇನ್ನೊಂದು ಎಸ್‌ಎಸ್‌ಡಿ ತೆಗೆಯುತ್ತಾರೆ. ಇದು ವೈರು ಜೋಡಿಸುವ ಬಗೆಯದು. ವೇಗ ಕಡಿಮೆ, ಆದರೆ ಕಾರ್ಡಿನ ದಾರಿಗೆ ಕೈ ಹಾಕುವುದಿಲ್ಲ. ಹಳೆಯ ಮದುವೆಗಳನ್ನೆಲ್ಲ ಇದಕ್ಕೆ ಕಳಿಸುವುದು, ಖಾಲಿಯಾದ ಎರಡನೇ ಸ್ಲಾಟಿಗೆ ಹೊಸ ಮದುವೆಯ ಡ್ರೈವ್ ತರುವುದು. ವೈರು ಚುಚ್ಚಿ ಯಂತ್ರ ಚಾಲೂ ಮಾಡುತ್ತಾರೆ. ಹೊಸ ಡ್ರೈವ್ ಕಾಣಿಸುವುದೇ ಇಲ್ಲ.

‘ಯಾ ಅಲ್ಲಾ’ ಎಂದು ಹಣೆ ಬಡಿದುಕೊಳ್ಳುತ್ತಾರೆ. ಎರಡನೇ ಸ್ಲಾಟಿನಲ್ಲಿ ಡ್ರೈವ್ ಇದ್ದರೆ ಈ ಬೋರ್ಡಿನಲ್ಲಿ ವೈರಿನ ಎರಡು ಜಾಗ ಸತ್ತುಹೋಗುತ್ತವೆ. ಅವಸರದಲ್ಲಿ ಅಂಥದ್ದಕ್ಕೇ ಚುಚ್ಚಿದ್ದಾರೆ. ‘ಇದು ನನ್ನ ತಪ್ಪು. ಆದ್ರ ಇಂಥಾ ಬೋರ್ಡು ಮಾಡಿದವ್ರ ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟು ಜ್ಯೇಷ್ಠ ಮಾಸದಾಗ ಈ ಸ್ಟುಡಿಯೊದಾಗ ಕೂಡಸಬೇಕು’ ಎಂದು ವೈರನ್ನು ಪಕ್ಕಕ್ಕೆ ಬದಲಿಸುತ್ತಾರೆ. ಡ್ರೈವ್ ಕಾಣಿಸುತ್ತದೆ. ಹಳೆಯ ಮದುವೆಗಳು ಮೆಲ್ಲಗೆ ಹೊರಡುತ್ತವೆ. ಮರಿಲಿಂಗ ಹೋಗಿ ಮಂಡಕ್ಕಿಯ ಸುಸ್ಲಾ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾನೆ. ಅರ್ಜುಮಂದ ಮಿರ್ಚಿ ಮಾತ್ರ ತಿನ್ನುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಜಾಗಕ್ಕೆ ಬಂದಿದೆ. ಮೂರನೇ ಸ್ಲಾಟು ಖಾಲಿ, ಅದರ ಮೇಲೆ ಕರಿ ಟೇಪು. ಪರದೆಯ ಮೇಲೆ ಹದಿನಾರು. ಭಾಗ್ಯ ಚಿತ್ರ ಓಡಿಸುತ್ತಾಳೆ. ಅಕ್ಷತೆ ಬೀಳಬೇಕಾದ ಹಾಗೆ ಬೀಳುತ್ತದೆ. ‘ಸಂಜಿಗಿ ಆಗ್ತದ್ರಿ ಅಕ್ಕಾ’ ಎಂದು ಅವಳು ಆಗಲೇ ಕುರ್ಚಿ ಎಳೆದುಕೊಳ್ಳುತ್ತಿದ್ದಾಳೆ.

‘ಆಯ್ತು ಬಿಡ್ರಿ ಅಕ್ಕಾರ, ಆಗಿದ್ದಾಗಿ ಹೋಯ್ತು’ ಅನ್ನುತ್ತಾನೆ ಮರಿಲಿಂಗ.

‘ಏನ್ ಆಗಿ ಹೋಯ್ತು?’ ಅರ್ಜುಮಂದ ಮುಚ್ಚಳವನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಾರೆ. ‘ಖಂಡಪ್ಪನೋರಿಗಿ ಫೋನ್ ಹಚ್ಚು. ನನ್ನ ಮುಂದ ಹಚ್ಚು. ಆಮ್ಯಾಲ ಇದು ಮುಚ್ತೀನಿ.’

ಅವನು ಹೆಂಡತಿಯ ಮುಖ ನೋಡುತ್ತಾನೆ. ಅವಳು ತಲೆ ಎತ್ತುವುದಿಲ್ಲ. ಕೊನೆಗೆ ಫೋನು ಹಚ್ಚುತ್ತಾನೆ. ‘ಸರ್ರ, ಆ ಕಾರ್ಡಿಂದು... ಕಾರ್ಡು ನಂದೇ ಅದ್ರಿ, ಹೊಸದೇ ಅದ. ನಾನೇ ಡಬ್ಬಿ ಬಿಚ್ಚಿ ಡ್ರೈವ್ ಹಾಕಿದ್ದೆ. ಅದಕ್ಕ ನಿಧಾನ ಆಗಿತ್ತು. ಅಕ್ಕಾರದು ಏನೂ ತಪ್ಪಿಲ್ರಿ.’

ಅತ್ತ ಕಡೆ ಖಂಡಪ್ಪ ಕೆಮ್ಮಿ, ‘ಹಂಗಾ? ಅಕಿಗಿ ಸೋಮವಾರ ಬಂದು ಲ್ಯಾಬ್ ನೋಡಾಕ ಹೇಳು’ ಎನ್ನುತ್ತಾರೆ. ತಾವು ಕೇಳಿದ್ದನ್ನು ನಂಬಿದ್ದರ ಬಗ್ಗೆ ಒಂದು ಮಾತೂ ಇಲ್ಲ.

ಅರ್ಜುಮಂದ ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತಾರೆ. ಸಮಾಧಾನವಾಯಿತೇ ಎಂದರೆ ಅರ್ಧ ಎನ್ನುತ್ತಾರೆ. ‘ಒಬ್ರಿಗಿ ಫೋನ್ ಹಚ್ಚಿಸಿದೆ. ಚಾದಂಗಡ್ಯಾಗ ಕೇಳಿದವ್ರಿಗೆಲ್ಲ ಯಾರು ಹಚ್ಚಬೇಕು? ಆ ಮಾತು ಇನ್ನಾ ತಿರಗಾಡ್ತದ. ತಿರಗಾಡ್ಲಿ. ನಾನೂ ಇದೇ ಊರಾಗ ತಿರಗಾಡ್ತೀನಿ.’

ಬಸ್ಸಿಗೆ ಕಾಯುತ್ತ ನಿಂತಾಗ ಅವರಿಗೊಂದು ಪ್ರಶ್ನೆ: ಗಿರಾಕಿಗಳಿಂದ ನಿಮಗೆ ಏನು ಬೇಕು? ಅರ್ಜುಮಂದ ಚೀಲ ಇನ್ನೊಂದು ಹೆಗಲಿಗೆ ಬದಲಿಸಿ, ತುಸು ಯೋಚಿಸುತ್ತಾರೆ.

‘ಭಾಳ ಏನಿಲ್ರಿ. ಬಿಚ್ಚೂ ಮೊದಲ ಒಂದು ಫೋನ್ ಮಾಡ್ರಿ, ಅಷ್ಟೇ. ಬೈತೀನಿ, ಅದು ಖರೆ. ಆದ್ರ ಫೋನ್ ಎತ್ತತೀನಿ.’